ಆಕಾಶ ಪುಕ್ಕಟೆ, ಅಡ್ಡರಸ್ತೆಗೆ ದುಡ್ಡು

ಕೊಳ್ಳುವುದರಲ್ಲೇ ಸುಖ ಎನ್ನುವವರು ಬೆಲೆ ವಿಚಾರಿಸುವುದರ ಸುಖ ಕಾಣದವರು. ಕೊಂಡವನಿಗೆ ಸಿಗುವುದು ಒಂದು ಸಾಮಾನು, ಒಂದು ರಸೀತಿ, ಮನೆಗೆ ಬಂದ ಮೇಲೆ ಹೆಂಡತಿಯಿಂದ ಒಂದಿಷ್ಟು ಪ್ರಶ್ನೆ. ವಿಚಾರಿಸಿದವನಿಗೋ ಅಂಗಡಿಯಲ್ಲಿರುವುದೆಲ್ಲ ಸ್ವಂತದ್ದೇ. ಮುಟ್ಟಬಹುದು, ತಿರುವಿ ನೋಡಬಹುದು, ಗ್ಯಾರಂಟಿ ಎಷ್ಟು ವರ್ಷ ಎಂದು ಗತ್ತಿನಿಂದ ಕೇಳಬಹುದು, ಕೊನೆಗೆ “ಇನ್ನೊಂದು ಕಡೆ ನೋಡ್ಕೊಂಡು ಬರ್ತೀನಿ” ಎಂದು ಮೆಟ್ಟಿಲಿಳಿದು ಬರಬಹುದು. ಬ್ಯಾಂಕಿನ ಸಾಲ ವಿಭಾಗದಲ್ಲಿ ಆಯುಷ್ಯ ಸವೆಸಿದ ನನಗೆ ಈ ಅಭ್ಯಾಸ ಅಂಟಿದ್ದರಲ್ಲಿ ಆಶ್ಚರ್ಯವಿಲ್ಲ. ಯಾರೋ ಕೊಳ್ಳಲಿರುವ ಲಾರಿ, ಟ್ರ್ಯಾಕ್ಟರು, ಹಿಟ್ಟಿನ ಗಿರಣಿಗಳ ಲಾಭನಷ್ಟವನ್ನು ಯಾರದೋ ದುಡ್ಡಿನಲ್ಲಿ ಅಳೆದೂ ಅಳೆದೂ, ಸ್ವಂತ ದುಡ್ಡಿನ ವಿಷಯ ಬಂದಾಗ ಅಳೆಯುವುದೇ ಸಾಕು ಎನ್ನಿಸುವ ಹಂತಕ್ಕೆ ಬಂದಿದ್ದೇನೆ.

ಹೀಗೆ ನಾನು ಅಳೆದು ಬಿಟ್ಟ ಸಾಮಾನುಗಳು ಬಹಳ. ಬಿಸಿಲಿನ ನೀರೊಲೆ, ಮನೆಯೊಳಗೇ ನಡೆಯುವ ಯಂತ್ರ, ರಾಗಿ ಬೀಸುವ ಪುಟ್ಟ ಗಿರಣಿ. ಆದರೆ ಅತಿ ದೀರ್ಘಕಾಲ ವಿಚಾರಣೆಯಲ್ಲಿದ್ದು ನನ್ನನ್ನು ಖಗೋಳದಿಂದ ಭೂಗೋಳದವರೆಗೆ ಎಳೆದಾಡಿದ್ದು ಒಂದೇ: ಅಂಗೈ ಕಂಪ್ಯೂಟರಿಗೆ ಸಿಕ್ಕಿಸುವ, ದಾರಿ ತೋರಿಸುವ ಜಿಪಿಎಸ್.

ಅಂಗೈ ಕಂಪ್ಯೂಟರು ನಾನು ಕೊಂಡದ್ದೆಂದು ತಪ್ಪು ತಿಳಿಯಬೇಡಿ. ಅಮೆರಿಕದಲ್ಲಿರುವ ಅಣ್ಣನ ಮಗ ಹೊಸದು ತೆಗೆದುಕೊಂಡು, ಹಳೆಯದನ್ನು ಸೂಟ್‌ಕೇಸಿನ ಮೂಲೆಯಲ್ಲಿ ತಂದು, “ಚಿಕ್ಕಪ್ಪಾ, ಇದು ನಿಮಗೆ” ಎಂದು ಕೊಟ್ಟಿದ್ದ. ಈಗಿನ ಹುಡುಗರಿಗೆ ಅದರ ವೈಭವ ಅರ್ಥವಾಗದು. ಫೋನಿನಷ್ಟೇ ಗಾತ್ರ, ಆದರೆ ಫೋನಲ್ಲ. ಕಡ್ಡಿಯೊಂದರಿಂದ ಗಾಜಿನ ಮೇಲೆ ಬರೆಯಬೇಕು, ಅದೂ ನಾವು ಕಲಿತ ಅಕ್ಷರವನ್ನಲ್ಲ, ಅದಕ್ಕೆ ಇಷ್ಟವಾದ ಅಕ್ಷರವನ್ನು. ವಿಳಾಸ, ಲೆಕ್ಕ, ತಾರೀಖು ಎಲ್ಲವನ್ನೂ ಇಟ್ಟುಕೊಳ್ಳುತ್ತಿತ್ತು. ಇಟ್ಟುಕೊಂಡದ್ದನ್ನು ಚಾರ್ಜು ಮುಗಿದ ದಿನ ಮರೆತೂ ಬಿಡುತ್ತಿತ್ತು. ನಮ್ಮ ವಯಸ್ಸಿನವರ ಸ್ವಭಾವವೇ ಅದಕ್ಕೂ ಇದ್ದದ್ದರಿಂದ ಬೇಗ ಒಗ್ಗಿಹೋದೆವು.

ಅಂಗೈ ಯಂತ್ರವೆಂದರೆ ಪರದೇಶದ ಸರಕು ಎಂಬ ಭಾವನೆ ಬೆಂಗಳೂರಿನವನಾದ ನನಗೆ ಸಲ್ಲದು. ಇಲ್ಲೇ, ಮಲ್ಲೇಶ್ವರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಊರಿನದೇ ಕಂಪನಿಯ ಎಂಜಿನಿಯರರು ಕೂಡಿ ಸಿಂಪ್ಯೂಟರ್ ಎಂಬುದನ್ನು ರೂಪಿಸಿದ್ದರು. ಓದು ಬಾರದವರೂ ಬಳಸಬೇಕು, ಕನ್ನಡದಲ್ಲೂ ಮಾತಾಡಬೇಕು, ಕೈಗೆಟುಕುವ ಬೆಲೆಯಿರಬೇಕು ಎಂಬ ಆಸೆ ಅವರದು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್‌ನ ಜೊತೆಗೂಡಿ ‘ಅಮಿಡಾ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೂ ಬಂತು. ಕರ್ನಾಟಕ ಸರ್ಕಾರ ಜಮೀನಿನ ದಾಖಲೆಗಳ ಕೆಲಸಕ್ಕೆ ಅದನ್ನು ಬಳಸಿ ನೋಡಿತ್ತು. ನಾನು ಅದರ ಬೆಲೆಯನ್ನೂ ವಿಚಾರಿಸಿದ್ದೆ. ನನ್ನಂಥ ವಿಚಾರಕರೇ ಹೆಚ್ಚಾಗಿ, ಕೊಳ್ಳುವವರು ಕಡಿಮೆಯಾಗಿ ಅದು ತೆರೆಮರೆಗೆ ಸರಿಯಿತು ಎನ್ನುವ ಸಣ್ಣ ಪಾಪಪ್ರಜ್ಞೆ ನನಗೆ ಇಂದಿಗೂ ಇದೆ.

ಇರಲಿ. ಅಣ್ಣನ ಮಗ ಹೊರಡುವ ಹೊತ್ತಿನಲ್ಲಿ, ಚಪ್ಪಲಿ ಹಾಕಿಕೊಳ್ಳುತ್ತ, ಒಂದು ಮಾತು ಆಡಿ ಹೋದ: “ಇದಕ್ಕೊಂದು ಜಿಪಿಎಸ್ ಸೇರಿಸ್ಕೊಳ್ಳಿ ಚಿಕ್ಕಪ್ಪ, ದಾರಿ ಅದೇ ಹೇಳುತ್ತೆ.” ಹೊರಡುವವರು ಬಾಗಿಲಲ್ಲಿ ಆಡುವ ಮಾತುಗಳೇ ಮನೆ ಮುರಿಯುವುದು ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ನಮ್ಮ ಮನೆ ಮುರಿಯಲಿಲ್ಲ, ನನ್ನ ನೆಮ್ಮದಿ ಮಾತ್ರ ಹೋಯಿತು.

ಮರುದಿನವೇ ಎಸ್.ಪಿ. ರಸ್ತೆಗೆ ಹೋದೆ. ಅಲ್ಲಿಂದ ಮೆಜೆಸ್ಟಿಕ್ಕಿನ ನ್ಯಾಷನಲ್ ಮಾರ್ಕೆಟ್ಟಿಗೆ. “ಜಿಪಿಎಸ್ ಇದೆಯೇನಪ್ಪ?” ಎಂದರೆ ಅಂಗಡಿಯ ಹುಡುಗ “ಜಿಪಿಆರ್‌ಎಸ್ಸಾ ಸಾರ್? ಸಿಮ್ ಕಂಪನಿಯವರನ್ನ ಕೇಳಿ, ಅವರೇ ಹಾಕಿಕೊಡ್ತಾರೆ” ಎನ್ನುತ್ತಿದ್ದ. ಆಗಿನ ಕಾಲದಲ್ಲಿ ಈ ಇಬ್ಬರು ಅವಳಿಗಳನ್ನು ಬೇರೆ ಮಾಡುವುದರಲ್ಲೇ ಅರ್ಧ ದಿನ ಹೋಗುತ್ತಿತ್ತು. ಒಬ್ಬ ಬಲ್ಲವನು ಸಿಕ್ಕಿ, ಗಾಜಿನ ಬೀರುವಿನಿಂದ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಕಪ್ಪು ಡಬ್ಬಿಯೊಂದನ್ನು ತೆಗೆದಿಟ್ಟ. ಅದು ಆಕಾಶದ ಮಾತನ್ನು ಕೇಳಿಸಿಕೊಂಡು ಬ್ಲೂಟೂತ್ ಮೂಲಕ ಅಂಗೈ ಯಂತ್ರದ ಕಿವಿಯಲ್ಲಿ ಹೇಳುತ್ತದಂತೆ. ಬೆಲೆ ಹೇಳಿದ. ಪರವಾಗಿಲ್ಲ ಎನ್ನಿಸಿತು.

“ಇಷ್ಟೇ ತಾನೇ?” ಎಂದೆ.

“ಸಾಫ್ಟ್‌ವೇರ್ ಬೇರೆ ಸಾರ್.”

ಸಾಫ್ಟ್‌ವೇರಿನೊಳಗೆ ನಕ್ಷೆ ಇರುವುದಿಲ್ಲ, ನಕ್ಷೆ ಬೇರೆ. ನಕ್ಷೆ ಹಿಡಿಸಲು ಮೆಮೊರಿ ಕಾರ್ಡು ಬೇರೆ. ಡಬ್ಬಿಗೂ ಅಂಗೈ ಯಂತ್ರಕ್ಕೂ ದಾರಿ ಮಧ್ಯೆ ಹಸಿವಾದರೆ ಕಾರಿನಲ್ಲಿ ಚುಚ್ಚುವ ಚಾರ್ಜರು. ಗಾಜಿಗೆ ಅಂಟಿಸಿ ನಿಲ್ಲಿಸಲು ರಬ್ಬರ್ ಬಟ್ಟಲಿನ ಸ್ಟ್ಯಾಂಡು. ಮುಂದಿನ ವರ್ಷ ಊರು ಬದಲಾದರೆ ಹೊಸ ನಕ್ಷೆ, ಅದಕ್ಕೆ ಮತ್ತೆ ದುಡ್ಡು. ಪುಕ್ಕಟೆ ಸಿಕ್ಕ ಕರುವಿಗೆ ಹಗ್ಗ, ಗೂಟ, ಹಿಂಡಿ, ಕೊನೆಗೆ ಕೊಟ್ಟಿಗೆ ಎಂದು ಖರ್ಚು ಬೆಳೆಯುವ ಬಗೆ ಹಳ್ಳಿಯಲ್ಲಿ ಹುಟ್ಟಿದ ನನಗೆ ಹೊಸದಲ್ಲ. ಅಲ್ಲಾದರೂ ಕೊನೆಗೊಂದು ದಿನ ಹಾಲು ಸಿಗುತ್ತದೆಂಬ ಆಸೆಯಿರುತ್ತದೆ.

ಎಲ್ಲವೂ ಒಂದೇ ಮೈಯಲ್ಲಿರುವ ಯಂತ್ರ ಇಲ್ಲವೇ ಎಂದು ಹುಡುಕಿದೆ. ಇತ್ತು. ಗಾರ್ಮಿನ್ ಕಂಪನಿ 2003ರಲ್ಲೇ ಅಂಗೈ ಕಂಪ್ಯೂಟರಿನೊಳಗೆ ಜಿಪಿಎಸ್ ಹುದುಗಿಸಿ ಐಕ್ಯೂ 3600 ಎಂಬುದನ್ನು ಹೊರತಂದಿತ್ತು. ಬೆಲೆ ಆರುನೂರು ಡಾಲರಿಗೆ ಹತ್ತಿರ. ನನ್ನ ಅಂಗೈ ಅಷ್ಟು ಭಾರ ಹೊರುವುದಲ್ಲ. 2007ರಲ್ಲಿ ನೋಕಿಯಾ ಎನ್95 ಬಂದು, ಫೋನಿನೊಳಗೇ ಎಲ್ಲವೂ ಇದೆ ಎಂದು ಸಾರಿತು. ಅದರ ಬೆಲೆ ಕೇಳಿದ ಮೇಲೆ ದಾರಿ ತಪ್ಪುವುದೇ ಮಿತವ್ಯಯ ಅನ್ನಿಸಿತು.

ಅನ್ನಿಸಿದರೆ ಸಾಲದು, ಲೆಕ್ಕ ಹಾಕಿ ತೋರಿಸಬೇಕು. ಹಾಕಿದೆ. ಡಬ್ಬಿ, ನಕ್ಷೆ, ಬಾಲಂಗೋಚಿಗಳೆಲ್ಲ ಸೇರಿ 15,000 ರೂಪಾಯಿ ಎಂದಿಟ್ಟುಕೊಳ್ಳಿ. ಆಗ ಪೆಟ್ರೋಲು ಲೀಟರಿಗೆ 50 ರೂಪಾಯಿಯ ಆಸುಪಾಸು. ನಮ್ಮ ಕಾರು ಲೀಟರಿಗೆ 15 ಕಿಲೋಮೀಟರು ಓಡುತ್ತದೆ ಎಂದರೆ, ಅದೇ ದುಡ್ಡಿಗೆ 300 ಲೀಟರು, ಅಂದರೆ 4,500 ಕಿಲೋಮೀಟರು. ಈ ಯಂತ್ರ ಕೊಂಡದ್ದು ಸಾರ್ಥಕವಾಗಬೇಕಾದರೆ ನಾವು ಬೆಂಗಳೂರಿನಿಂದ ದೆಹಲಿಗೆ ಹೋಗಿ ವಾಪಸು ಬರುವಷ್ಟು ದೂರ ಬರಿಯ ದಾರಿ ತಪ್ಪಿಯೇ ಓಡಿಸಬೇಕು, ಉಳಿದದ್ದರಲ್ಲಿ ಮೈಸೂರನ್ನೂ ಮುಟ್ಟಬಹುದು. ಈ ಲೆಕ್ಕವನ್ನು ಮನೆಯಾಕೆಯ ಮುಂದೆ ಹೆಮ್ಮೆಯಿಂದ ಇಟ್ಟೆ. ಅವಳು ಹುಣಿಸೆಹಣ್ಣು ಬಿಡಿಸುತ್ತಿದ್ದಳು. “ನೀವು ಓಡಿಸೋದನ್ನ ನೋಡಿದ್ರೆ ಅದೇನು ದೂರ ಅಲ್ಲ ಬಿಡಿ. ಆದ್ರೆ ಅಂಗಡಿ ಅಂಗಡಿ ತಿರುಗಿದ ಪೆಟ್ರೋಲು ಯಾವ ಕಡೆ ಬರೆದಿದ್ದೀರಿ?” ಎಂದಳು. ಲೆಕ್ಕ ಪರಿಶೋಧಕರು ಮನೆಯೊಳಗೆ ಇರಬಾರದು.

ಇಷ್ಟರಲ್ಲಿ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಖರ್ಚಿನ ಪಟ್ಟಿಯಲ್ಲಿ ಎಲ್ಲದಕ್ಕೂ ಬೆಲೆಯಿತ್ತು, ಮುಖ್ಯವಾದುದಕ್ಕೇ ಇರಲಿಲ್ಲ. ಆ ಉಪಗ್ರಹಗಳಿಗೆ ಎಷ್ಟು ಕೊಡಬೇಕು? ತಿಂಗಳಿಗೋ, ವರ್ಷಕ್ಕೋ? ಅಂಗಡಿಯವನನ್ನು ಕೇಳಿದರೆ ನಕ್ಕ. ಏನೂ ಇಲ್ಲ.

ಏನೂ ಇಲ್ಲದ್ದು ಹೇಗೆ ಸಾಧ್ಯ? ಕೇಬಲ್ಲಿನವನು ತಂತಿಯಲ್ಲಿ ಹೆಣೆದ ಮನೆಜಗಳಗಳಿಗೆ ತಿಂಗಳು ತಿಂಗಳೂ ದುಡ್ಡು ಕೇಳುತ್ತಾನೆ. ಇಲ್ಲಿ ನೋಡಿದರೆ ಭೂಮಿಯಿಂದ 20,200 ಕಿಲೋಮೀಟರು ಮೇಲೆ ಕನಿಷ್ಠ 24 ಉಪಗ್ರಹಗಳು, ದಿನಕ್ಕೆರಡು ಪ್ರದಕ್ಷಿಣೆಯಂತೆ, ಹಗಲಿರುಳೂ ಸುತ್ತುತ್ತ, ಈಗ ಗಂಟೆಯೆಷ್ಟು, ನಾನೆಲ್ಲಿದ್ದೇನೆ ಎಂದು ಜಗತ್ತಿಗೇ ಸಾರುತ್ತಿವೆ. ಕಪ್ಪು ಡಬ್ಬಿ ಮಾಡುವುದು ಕೇಳಿಸಿಕೊಳ್ಳುವ ಕೆಲಸ ಮಾತ್ರ. ತಾನಿಲ್ಲಿದ್ದೇನೆಂದು ಅದು ಮೇಲಕ್ಕೆ ಉಸಿರೂ ಬಿಡುವುದಿಲ್ಲ. ಯಾರು ಕೇಳುತ್ತಿದ್ದಾರೆಂದು ಮೇಲಿನವರಿಗೆ ಗೊತ್ತೇ ಆಗದಿರುವಾಗ ಬಿಲ್ಲು ಯಾರಿಗೆ ಕಳಿಸುತ್ತಾರೆ? ನಾಲ್ಕು ಉಪಗ್ರಹಗಳ ಮಾತು ಕಿವಿಗೆ ಬಿದ್ದರೆ ಸಾಕು. ಪ್ರತಿಯೊಂದರ ಸಂಕೇತ ಬರಲು ಹಿಡಿದ ಹೊತ್ತಿನಿಂದ ದೂರ ಲೆಕ್ಕ ಹಾಕಿ ತಾನೆಲ್ಲಿದ್ದೇನೆಂದು ಡಬ್ಬಿ ಗುಣಿಸಿಕೊಳ್ಳುತ್ತದೆ. ಜಾಗ ತಿಳಿಯಲು ಮೂರು ಸಾಕು, ನಾಲ್ಕನೆಯದು ಡಬ್ಬಿಯ ಅಗ್ಗದ ಗಡಿಯಾರದ ಸುಳ್ಳನ್ನು ಸರಿಪಡಿಸಲು. ಮೇಲಿನ ಗಡಿಯಾರಗಳು ಪರಮಾಣು ಗಡಿಯಾರಗಳು. ಐನ್‌ಸ್ಟೈನ್ ಹೇಳಿದ ಪ್ರಕಾರ ಅವು ಇಲ್ಲಿಯ ಗಡಿಯಾರಗಳಿಗಿಂತ ದಿನಕ್ಕೆ 38 ಮೈಕ್ರೋಸೆಕೆಂಡು ಮುಂದೆ ಓಡುತ್ತವೆ. ಅದನ್ನು ತಿದ್ದದಿದ್ದರೆ ಒಂದೇ ದಿನದಲ್ಲಿ ಹತ್ತು ಕಿಲೋಮೀಟರಿನಷ್ಟು ತಪ್ಪು ಕೂಡಿಕೊಳ್ಳುತ್ತದೆ. ಬಸವನಗುಡಿಗೆ ಹೊರಟವನು ಯಲಹಂಕದ ದಿಕ್ಕಿನಲ್ಲೆಲ್ಲೋ ಇರುತ್ತಾನೆ. ಸಾಪೇಕ್ಷತಾ ಸಿದ್ಧಾಂತದಿಂದ ಗೃಹಸ್ಥನಿಗೇನು ಉಪಯೋಗ ಎಂದು ಕಾಲೇಜಿನಲ್ಲಿ ಮೇಷ್ಟರನ್ನು ಕೇಳಿ ಬೆಂಚಿನ ಮೇಲೆ ನಿಂತಿದ್ದ ನನ್ನ ಗೆಳೆಯನಿಗೆ ಇದನ್ನು ಹೇಳಬೇಕು.

ಇಷ್ಟು ಭಾರಿ ಏರ್ಪಾಡನ್ನು ಮೊದಲು ಮಾಡಿದ್ದು ಅಮೆರಿಕದ ಸೈನ್ಯಕ್ಕಾಗಿ. ಮೊದಲ ಉಪಗ್ರಹ ಹಾರಿದ್ದು 1978ರಲ್ಲಿ. 1983ರಲ್ಲಿ ಕೊರಿಯಾದ ಪ್ರಯಾಣಿಕ ವಿಮಾನವೊಂದು ದಾರಿ ತಪ್ಪಿ ಸೋವಿಯತ್ ಗಡಿಯೊಳಗೆ ಹೋದಾಗ ಹೊಡೆದುರುಳಿಸಿದರು. 269 ಜನ ಸತ್ತರು. ಆಮೇಲೆ ಅಧ್ಯಕ್ಷ ರೇಗನ್, ಈ ವ್ಯವಸ್ಥೆ ಸಿದ್ಧವಾದೊಡನೆ ಜನಸಾಮಾನ್ಯರಿಗೂ ಬಿಟ್ಟುಕೊಡುತ್ತೇವೆ ಎಂದರು. ಕೊಟ್ಟರು, ಆದರೆ ಜನರ ಪಾಲಿನ ಸಂಕೇತಕ್ಕೆ ಬೇಕೆಂದೇ ತಪ್ಪು ಬೆರೆಸಿ. ನೂರು ಮೀಟರಿನವರೆಗೆ ಹೆಚ್ಚುಕಮ್ಮಿ. 2000ದ ಮೇ ತಿಂಗಳ ಮೊದಲಲ್ಲಿ ಕ್ಲಿಂಟನ್ ಆ ಬೆರಕೆಯನ್ನು ನಿಲ್ಲಿಸಿದರು. ಅಂಗೈ ಯಂತ್ರಗಳ ಜಿಪಿಎಸ್ ವ್ಯಾಪಾರ ಕುದುರಿದ್ದು ಆಮೇಲೆ. ನೂರು ಮೀಟರು ತಪ್ಪಿದರೆ ಹಡಗಿಗೆ ನಷ್ಟವಿಲ್ಲ. ಚಿಕ್ಕಪೇಟೆಯಲ್ಲಿ ನೂರು ಮೀಟರು ತಪ್ಪಿದವನು ಜರಿ ಸೀರೆ ಕೊಳ್ಳಲು ಹೋಗಿ ಪಾತ್ರೆ ಕೊಂಡು ಬರುತ್ತಾನೆ.

ಹಾಗಾದರೆ ಖರ್ಚು ಎಲ್ಲಿಯದು? ಇಪ್ಪತ್ತು ಸಾವಿರ ಕಿಲೋಮೀಟರು ಮೇಲಿನದೆಲ್ಲ ಪುಕ್ಕಟೆ. ನಮ್ಮ ಮನೆಯ ಹಿಂದಿನ ಅಡ್ಡರಸ್ತೆ ಮುಂದಿನ ಮುಖ್ಯರಸ್ತೆಗೆ ಕೂಡುತ್ತದೋ, ಗೋಡೆಗೆ ಮುಗಿಯುತ್ತದೋ ಎಂಬುದಕ್ಕೆ ದುಡ್ಡು. ಈ ನ್ಯಾಯ ನನಗೆ ಬಹುಕಾಲ ಜೀರ್ಣವಾಗಲಿಲ್ಲ. ಡಬ್ಬಿಗೆ ಗೊತ್ತಿರುವುದು ಅಕ್ಷಾಂಶ, ರೇಖಾಂಶ ಎಂಬ ಎರಡು ಅಂಕಿ. ಆ ಅಂಕಿಗಳಿಗೆ ‘ಇದು ರಾಜಾಜಿನಗರ, ಇದು ಒನ್ ವೇ, ಇಲ್ಲಿ ಬಲಕ್ಕೆ ತಿರುಗಬಾರದು’ ಎಂದು ಅರ್ಥ ಹಚ್ಚಬೇಕಾದರೆ ಯಾರೋ ಒಬ್ಬರು ಅಲ್ಲಿಗೆ ಹೋಗಿ ನೋಡಿ ಬರಬೇಕು. ಆಕಾಶದಿಂದ ರಸ್ತೆ ಕಾಣುತ್ತದೆ, ರಸ್ತೆಯ ಬೋರ್ಡು ಕಾಣುವುದಿಲ್ಲ. ನಕ್ಷೆಯ ಬೆಲೆಯೆಂದರೆ ಕಾಲಿನ ಕೂಲಿ.

ಈ ಕೂಲಿಯ ಬೆಲೆ ದೊಡ್ಡ ಕಂಪನಿಗಳಿಗೆ ನನಗಿಂತ ಮೊದಲೇ ಗೊತ್ತಿತ್ತು. ನವ್‌ಟೆಕ್ ಎಂಬ ನಕ್ಷೆ ಕಂಪನಿಯನ್ನು ನೋಕಿಯಾ ಸುಮಾರು 810 ಕೋಟಿ ಡಾಲರು ಕೊಟ್ಟು ಕೊಂಡಿತು. ಟೆಲಿ ಅಟ್ಲಾಸ್ ಎಂಬ ಇನ್ನೊಂದನ್ನು ಟಾಮ್‌ಟಾಮ್ 290 ಕೋಟಿ ಯೂರೋ ಕೊಟ್ಟು ತೆಗೆದುಕೊಂಡಿತು. ಎರಡೂ ವ್ಯವಹಾರ ಮುಗಿದದ್ದು 2008ರಲ್ಲಿ. ನಮ್ಮಲ್ಲಿ ಮ್ಯಾಪ್‌ಮೈಇಂಡಿಯಾದವರು 1995ರಿಂದಲೇ ಊರೂರಿನ ರಸ್ತೆಗಳನ್ನು ಕಂಪ್ಯೂಟರಿಗೆ ಏರಿಸುತ್ತ ಕೂತಿದ್ದರು. ಡಿಜಿಟಲ್ ನಕ್ಷೆ ಯಾರಿಗೆ ಬೇಕು ಎಂದು ನನ್ನಂಥ ಸಾಲದ ಅಧಿಕಾರಿ ಕೇಳಬಹುದಾಗಿದ್ದ ಕಾಲ ಅದು.

ಬೆಂಗಳೂರಿಗೆ ಈ ಕಾಲಿನ ಕೂಲಿ ಹೊಸದೇನಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮರುವರ್ಷವೇ ವಿಲಿಯಂ ಲ್ಯಾಂಬ್ಟನ್ ಎಂಬ ಸೈನ್ಯಾಧಿಕಾರಿ ಬೆಂಗಳೂರಿನ ಬಯಲಿನಲ್ಲಿ ಸರಪಳಿ ಎಳೆದು ನೆಲ ಅಳೆದ. ಮುಂದೆ ಇಡೀ ದೇಶವನ್ನು ತ್ರಿಕೋನಗಳಲ್ಲಿ ಅಳೆದ ಮಹಾ ಮೋಜಣಿಗೆ ಇದು ತಾಲೀಮು. ನನಗೆ ಅಚ್ಚುಮೆಚ್ಚಾದ ವಿಷಯ ಆ ಸರಪಳಿಯದು. ನೂರಡಿ ಉದ್ದದ ಉಕ್ಕಿನ ಆ ಸರಪಳಿಯನ್ನು ಇಂಗ್ಲೆಂಡಿನ ರಾಯಭಾರಿ ಮೆಕಾರ್ಟ್ನಿ ಚೀನದ ಚಕ್ರವರ್ತಿಗೆ ಕಾಣಿಕೆಯೆಂದು ಒಯ್ದಿದ್ದ. ಚಕ್ರವರ್ತಿಗೆ ಬೇಡವಾಯಿತು. ವಾಪಸು ಬರುವಾಗ ಕಲ್ಕತ್ತೆಯಲ್ಲಿ ಉಳಿದು, ಮಾರಾಟವಾಗಿ, ಲ್ಯಾಂಬ್ಟನ್ನನ ಕೈಸೇರಿತು. ಎಂದರೆ ನಮ್ಮ ಊರಿನ ನೆಲವನ್ನು ಅಳೆದದ್ದೇ ಸೆಕೆಂಡ್ ಹ್ಯಾಂಡ್ ಸಾಮಾನಿನಿಂದ! ಅಣ್ಣನ ಮಗನ ಹಳೆಯ ಯಂತ್ರಕ್ಕೆ ನಕ್ಷೆ ಹುಡುಕುತ್ತಿದ್ದ ನನಗೆ ಇದನ್ನು ಓದಿದ ದಿನ ಪರಂಪರೆಯ ಬೆಂಬಲ ಸಿಕ್ಕಿತು. ಲ್ಯಾಂಬ್ಟನ್ ಹೊಸದಾಗಿಯೇ ತರಿಸಿದ, ಕೋನ ಅಳೆಯುವ, ಅರ್ಧ ಟನ್ ತೂಕದ ಥಿಯೋಡೊಲೈಟು ಹಡಗಿನಲ್ಲಿ ಬರುವಾಗ ಫ್ರೆಂಚರ ಕೈಗೆ ಸಿಕ್ಕಿ ಮಾರಿಷಸ್‌ಗೆ ಹೋಗಿ, ಅಲ್ಲಿಯ ಗವರ್ನರನ ಸೌಜನ್ಯದಿಂದ ತಡವಾಗಿ ಮದರಾಸು ಮುಟ್ಟಿತು. ಡೆಲಿವರಿ ತಡವಾದರೆ ಈಗ ನಾವು ಕೂಗಾಡುತ್ತೇವೆ. 1802ರಲ್ಲಿ ಮದರಾಸಿನಲ್ಲಿ ಏಳೂವರೆ ಮೈಲಿಯ ಒಂದೇ ಒಂದು ಗೆರೆಯನ್ನು ಅಳೆಯಲು ಅವನ ತಂಡಕ್ಕೆ 57 ದಿನ ಹಿಡಿಯಿತು. ಬಿಸಿಲಿಗೆ ಸರಪಳಿ ಹಿಗ್ಗದಿರಲೆಂದು ಅದರ ಮೇಲೆ ಡೇರೆ, ಪಕ್ಕದಲ್ಲಿ ಉಷ್ಣಮಾಪಕ. ಸರಪಳಿಗೆ ನೆರಳಿತ್ತು, ಎಳೆದವರಿಗೆ ಇತ್ತೋ ಇಲ್ಲವೋ.

ಲ್ಯಾಂಬ್ಟನ್ ಇವತ್ತಿನ ಬೆಂಗಳೂರಿಗೆ ಬಂದಿದ್ದರೆ ಕೆಲಸ ಬಿಟ್ಟು ಹೋಗುತ್ತಿದ್ದ. ಕ್ರಾಸು, ಮೈನುಗಳಿಗೆ ಅಂಕಿ ಕೊಟ್ಟದ್ದು ಸುಲಭವಾಗಲೆಂದು. ಆದರೆ ಎರಡು ಕ್ರಾಸುಗಳ ಮಧ್ಯೆ ಮೂರನೆಯದು ಹುಟ್ಟಿದಾಗ ಅದಕ್ಕೆ ‘ಎ’ ಎಂದರು, ಅದಕ್ಕೊಂದು ತಮ್ಮ ಹುಟ್ಟಿದಾಗ ‘ಬಿ’. ಜಯನಗರ ನಾಲ್ಕನೇ ಬ್ಲಾಕು ಮುಗಿದ ಮೇಲೆ ಐದನೆಯದೇ ಬರಬೇಕಲ್ಲ ಎಂದು ಹೊರಟ ಪರಸ್ಥಳದವರನ್ನು ನಾಲ್ಕನೇ ‘ಟಿ’ ಬ್ಲಾಕು ನುಂಗಿ ನೀರು ಕುಡಿಯುತ್ತದೆ. ಇಂಥ ಊರಿನಲ್ಲಿ ದಾರಿ ಕೇಳಿದರೆ ಜನ ಅಂಕಿ ಹೇಳುವುದೇ ಇಲ್ಲ. “ಅರಳಿಮರ ದಾಟಿ, ಗಣೇಶನ ಗುಡಿ ಸಿಗತ್ತೆ, ಅಲ್ಲಿ ಯಾರನ್ನಾದ್ರೂ ಕೇಳಿ.” ಎಂ.ಜಿ. ರಸ್ತೆಯ ಪ್ಲಾಜಾ ಟಾಕೀಸು ಹೋಗಿ ಅಲ್ಲಿ ಮೆಟ್ರೋ ನಿಲ್ದಾಣ ಬಂದ ಮೇಲೂ ‘ಪ್ಲಾಜಾ ಹತ್ತಿರ’ ಎನ್ನುವವರು ನನ್ನ ಓರಗೆಯಲ್ಲಿ ಇದ್ದಾರೆ. ಕೇಳುವವನೂ ಅದೇ ಓರಗೆಯವನಾದರೆ ಇಬ್ಬರೂ ಸರಿಯಾದ ಜಾಗದಲ್ಲೇ ಸೇರುತ್ತಾರೆ. ಗೂಗಲ್ಲಿನವರು ಇದನ್ನು ಗಮನಿಸಿ, 2009ರ ಕೊನೆಯಲ್ಲಿ ಭಾರತದ ನಕ್ಷೆಗಳಿಗಾಗಿ ದಾರಿಯ ವಿವರದಲ್ಲಿ ಗುರುತುಗಳನ್ನೂ ಸೇರಿಸಿದರು. ಇಂಥ ಅಂಗಡಿ ದಾಟಿ ಎಡಕ್ಕೆ, ಇಂಥ ಗುಡಿ ಎದುರಿಗೆ ಬಲಕ್ಕೆ. ಕೊನೆಗೂ ಯಂತ್ರ ನಮ್ಮ ಅರಳಿಕಟ್ಟೆಯವರ ಹತ್ತಿರ ಪಾಠಕ್ಕೆ ಕೂತಿತು.

ಆ ವರ್ಷ ನನ್ನ ಪಾಲಿಗೆ ಬಹಳ ಒಳ್ಳೆಯ ವರ್ಷ. ಆಗಸ್ಟಿನಲ್ಲಿ ಟಾಮ್‌ಟಾಮ್ ಐಫೋನಿಗಾಗಿ ದಾರಿ ತೋರಿಸುವ ಆ್ಯಪ್ ತಂದು, ಅಮೆರಿಕದಲ್ಲಿ 99.99 ಡಾಲರು ಎಂದಿತು. ಫೋನನ್ನು ಕಾರಿನಲ್ಲಿ ನಿಲ್ಲಿಸುವ ಸಾಧನಕ್ಕೆ ಬೇರೆ ಬೆಲೆ. ಅಣ್ಣನ ಮಗ ಫೋನಿನಲ್ಲಿ “ತಗೊಳ್ಳಲಾ ಚಿಕ್ಕಪ್ಪ?” ಎಂದು ಕೇಳಿದ. “ತಡಿ, ವಿಚಾರ ಮಾಡೋಣ” ಎಂದೆ. ಅಕ್ಟೋಬರ್ 28ಕ್ಕೆ ಗೂಗಲ್, ತಿರುವು ತಿರುವಿಗೂ ಮಾತಾಡಿ ದಾರಿ ಹೇಳುವ ವ್ಯವಸ್ಥೆಯನ್ನು ಆಂಡ್ರಾಯ್ಡ್ ಫೋನುಗಳಲ್ಲಿ ಪುಕ್ಕಟೆ ಕೊಡುವುದಾಗಿ ಸಾರಿತು. ಸದ್ಯಕ್ಕೆ ಅದು ಅಮೆರಿಕಕ್ಕೆ ಮಾತ್ರವಾಗಿದ್ದರೂ, ಅದೇ ದಿನ ಗಾರ್ಮಿನ್ ಮತ್ತು ಟಾಮ್‌ಟಾಮ್ ಷೇರುಗಳು ನೆಲ ಕಚ್ಚಿದವು. 2010ರ ಜನವರಿಯಲ್ಲಿ ನೋಕಿಯಾ ಕೂಡ, 810 ಕೋಟಿ ಡಾಲರಿನ ನಕ್ಷೆಯನ್ನು ಬಗಲಲ್ಲಿಟ್ಟುಕೊಂಡೇ, ತನ್ನ ಫೋನುಗಳಲ್ಲಿ ದಾರಿ ತೋರಿಸುವುದಕ್ಕೆ ದುಡ್ಡು ಬೇಡ ಎಂದಿತು. ಯಾರ ಜಿಪುಣತನಕ್ಕಾದರೂ ಇಷ್ಟು ವೈಭವದ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿದೆಯೇ? ಮನೆಯಾಕೆಗೆ ಹೇಳಿದೆ: ಕಾದದ್ದರಿಂದ 15,000 ರೂಪಾಯಿ ಉಳಿತಾಯ. “ಎಲ್ಲಿ ಕೊಡಿ” ಎಂದು ಕೈಚಾಚಿದಳು. ಖರ್ಚೇ ಮಾಡದ ದುಡ್ಡು ಉಳಿತಾಯವಾಗುವುದು ಬ್ಯಾಂಕಿನವರ ಕಣ್ಣಿಗೆ ಮಾತ್ರ.

ಪುಕ್ಕಟೆ ಎಂಬ ಮಾತು ಕಿವಿಗೆ ಬಿದ್ದರೆ ಸಾಲದ ಅಧಿಕಾರಿಯ ಎಡಗಣ್ಣು ಅದುರಬೇಕು. ನನ್ನದೂ ಅದುರಿತು. ಕಾಲಿನ ಕೂಲಿಯನ್ನು ಈಗ ಯಾರು ಕೊಡುತ್ತಿದ್ದಾರೆ? ಉತ್ತರ ಹೊಳೆದದ್ದು ಸಿಲ್ಕ್ ಬೋರ್ಡಿನ ಸಿಗ್ನಲ್ಲಿನಲ್ಲಿ, ಬೇರೇನೂ ಹೊಳೆಯಲು ಅವಕಾಶವಿಲ್ಲದಷ್ಟು ಹೊತ್ತು ನಿಂತಿದ್ದಾಗ. ಫೋನಿನಲ್ಲಿ ನನ್ನ ಮುಂದಿನ ರಸ್ತೆ ಕಡುಗೆಂಪು. ಈ ಕೆಂಪು ಅವರಿಗೆ ಹೇಗೆ ಗೊತ್ತಾಯಿತು? ಇಲ್ಲಿ ನಿಂತಿರುವ ನಮ್ಮ ನಮ್ಮ ಜೇಬಿನ ಫೋನುಗಳೇ ‘ಚಲಿಸುತ್ತಿಲ್ಲ, ಚಲಿಸುತ್ತಿಲ್ಲ’ ಎಂದು ವರದಿ ಒಪ್ಪಿಸುತ್ತಿವೆ. ಕಪ್ಪು ಡಬ್ಬಿ ಬರೀ ಕೇಳುತ್ತಿತ್ತು, ಈಗಿನ ಫೋನು ಹೇಳುತ್ತದೆ ಕೂಡ. ನಾನು ಸುಮ್ಮನೆ ನಿಂತದ್ದನ್ನು ನೋಡಿ ಹಿಂದಿನವನು ಬೇರೆ ದಾರಿ ಹಿಡಿಯುತ್ತಾನೆ. ಲ್ಯಾಂಬ್ಟನ್ನನ ಸರಪಳಿ ಎಳೆದವರಿಗೆ ಪಗಾರವಾದರೂ ಇತ್ತು. ನಾವು ಸ್ವಂತ ಪೆಟ್ರೋಲು ಉರಿಸಿ, ಸ್ವಂತ ಡೇಟಾ ಹಾಕಿ, ಬಿಟ್ಟಿ ಮೋಜಣಿ ಮಾಡುತ್ತಿದ್ದೇವೆ. ನಿವೃತ್ತನಾದ ಮೇಲೂ ನಾನು ಇಷ್ಟು ಉಪಯೋಗಕ್ಕೆ ಬೀಳುತ್ತಿದ್ದೇನೆಂದು ಮೊದಲು ಸಂತೋಷವಾಯಿತು, ಆಮೇಲೆ ಸಿಗ್ನಲ್ ಬಿತ್ತು.

ಡೇಟಾ ಎಂದಾಗ ತೀರ್ಥಹಳ್ಳಿಯ ಕಡೆಯ ನಮ್ಮ ನೆಂಟರ ಮನೆ ನೆನಪಾಗುತ್ತದೆ. ಅಲ್ಲಿ ಊರೆಂದರೆ ಒಂದು ಗುಡ್ಡಕ್ಕೊಂದು ಮನೆ, ಮಧ್ಯೆ ಅಡಿಕೆ ತೋಟ, ಅದರಾಚೆ ಹಳ್ಳ. ಮುಖ್ಯರಸ್ತೆ ಬಿಟ್ಟ ಕೂಡಲೇ ಫೋನಿನ ನೆಟ್‌ವರ್ಕು ಹೋಗುತ್ತದೆ, ಅದರ ಹಿಂದೆಯೇ ನಕ್ಷೆಯೂ ಬೆಳ್ಳಗಾಗುತ್ತದೆ. ನೀಲಿ ಚುಕ್ಕಿ ಮಾತ್ರ ಇರುತ್ತದೆ. ಉಪಗ್ರಹಗಳಿಗೆ ಟವರಿನ ಹಂಗಿಲ್ಲ, ಆದ್ದರಿಂದ ನೀವು ಎಲ್ಲಿದ್ದೀರಿ ಎಂದು ಖಂಡಿತ ಗೊತ್ತು, ಆ ‘ಎಲ್ಲಿ’ ಯಾವುದೆಂದು ಗೊತ್ತಿಲ್ಲ. ವೇದಾಂತಿಗಳಿಗೆ ಸಾಕಾಗಬಹುದು, ಊಟದ ಹೊತ್ತಿಗೆ ಮದುವೆಮನೆ ಸೇರಬೇಕಾದವರಿಗೆ ಸಾಲದು. ಆಗ ನನಗೆ ಆ ಹಳೆಯ ಏರ್ಪಾಡಿನ ಹಿರಿಮೆ ಅರ್ಥವಾದದ್ದು. ನಕ್ಷೆ ಹೊಟ್ಟೆಯೊಳಗೇ ಇತ್ತು, ಯಾರನ್ನೂ ಕೇಳಬೇಕಾಗಿರಲಿಲ್ಲ. ಆ ದುಬಾರಿ ಕಾರ್ಡಿಗೆ ಕೊಡುತ್ತಿದ್ದುದು ಸ್ವಾವಲಂಬನೆಯ ಬೆಲೆ. ಗೂಗಲ್ಲೂ 2015ರ ಕೊನೆಗೆ, ನಕ್ಷೆಯನ್ನು ಮೊದಲೇ ಇಳಿಸಿಕೊಂಡಿದ್ದರೆ ನೆಟ್‌ವರ್ಕಿಲ್ಲದೆಯೂ ದಾರಿ ಹೇಳುವಂತೆ ಮಾಡಿತು. ಮೊದಲೇ ಇಳಿಸಿಕೊಳ್ಳಬೇಕೆಂಬುದು ನೆಟ್‌ವರ್ಕು ಹೋದ ಮೇಲೆ ನೆನಪಾಗುವ ಸಂಗತಿ. ಇನ್ನು ಮಳೆಗಾಲದ ಕಾಡಿನಲ್ಲಿ, ನೆನೆದ ಎಲೆಗಳ ಛತ್ರಿಯ ಕೆಳಗೆ, ಅಷ್ಟು ದೂರದಿಂದ ಬಸವಳಿದು ಬಂದ ಸಂಕೇತವೇ ಕುಗ್ಗುತ್ತದೆ. ಅಲ್ಲಿಗೆ ಹೋಗುವ ಚಾರಣಿಗರು, ಮೋಜಣಿಯವರು ಇಂದಿಗೂ ಬೇರೆಯೇ ಕೈಯಂತ್ರ ಹಿಡಿದಿರುವುದು ಷೋಕಿಗಲ್ಲ.

ಒಮ್ಮೆ ಈ ವಿಚಾರವನ್ನೆಲ್ಲ ಅಣ್ಣನ ಮಗನ ಮುಂದೆ ಹೇಳುತ್ತ, ಆಕಾಶದ ಪಾಲಾದರೂ ನಿಜವಾಗಿ ಪುಕ್ಕಟೆಯಲ್ಲವೇ ಎಂದೆ. “ನಿಮಗೆ ಪುಕ್ಕಟೆ ಚಿಕ್ಕಪ್ಪ. ಅದು ನಡೀತಿರೋದು ನಾವು ಕಟ್ಟೋ ಟ್ಯಾಕ್ಸಿನಲ್ಲಿ” ಎಂದ. ಅಲ್ಲಿಗೆ ನಮ್ಮ ಮನೆತನದ ಪಾಲು ಸಂದಾಯವಾಗುತ್ತಿದೆ ಎಂದು ನಿರಾಳವಾದೆ. ಬರಬರುತ್ತ ನನ್ನ ಪಾಲೂ ಸೇರಿದೆ. 2013ರ ಜುಲೈಯಿಂದ ಇಸ್ರೋ ನಮ್ಮದೇ ದಾರಿದೀಪಗಳನ್ನು ಹಾರಿಸತೊಡಗಿತು. ಏಳು ಉಪಗ್ರಹಗಳ ಆ ಏರ್ಪಾಡಿಗೆ 2016ರಲ್ಲಿ ‘ನಾವಿಕ್’ ಎಂಬ ಹೆಸರು ಬಂತು. ಅದರ ನ್ಯಾವಿಗೇಷನ್ ಕೇಂದ್ರವಿರುವುದು ಬೆಂಗಳೂರಿನ ಹೊರವಲಯದ ಬ್ಯಾಲಾಳಿನಲ್ಲಿ. ಮೊದಲ ಉಪಗ್ರಹಗಳಲ್ಲಿ ವಿದೇಶದಿಂದ ತರಿಸಿದ ಪರಮಾಣು ಗಡಿಯಾರಗಳು ಕೆಲವು ಕೆಟ್ಟು ಕೂತವು. 2023ರ ಮೇ 29ರಂದು ಹಾರಿಸಿದ ಉಪಗ್ರಹದಲ್ಲಿ ಇಲ್ಲೇ ಮಾಡಿದ ಗಡಿಯಾರ ಇಟ್ಟರು. ನನ್ನ ತೆರಿಗೆಯಲ್ಲಿ ಆ ಗಡಿಯಾರದ ಒಂದು ತಿರುಪಿನ ತಲೆಯಾದರೂ ಬಂದಿರಬಹುದು ಎಂದುಕೊಂಡರೆ ಫಾರಂ ತುಂಬುವಾಗಿನ ಸಂಕಟ ಕಡಿಮೆಯಾಗುತ್ತದೆ.

ಹಾಗಾದರೆ ಕೊಳ್ಳಬೇಕೋ ಬೇಡವೋ ಎಂದು ಯಾರಾದರೂ ಕೇಳಿದರೆ ನಾನು ಈಗ ಧೈರ್ಯವಾಗಿ ಸಲಹೆ ಕೊಡುತ್ತೇನೆ, ಏಕೆಂದರೆ ದುಡ್ಡು ಅವರದು. ಕಾಡುಮೇಡು ತಿರುಗುವವರಾದರೆ ಕೊಳ್ಳಿ. ಊರೊಳಗೇ ಇರುವವರಿಗೆ ಫೋನು ಸಾಕು. ಎರಡರಲ್ಲೂ ಯಂತ್ರಕ್ಕೆ ಕೊಡುವಾಗ ಚೌಕಾಸಿ ಮಾಡಿ, ನಕ್ಷೆಗೆ ಕೊಡುವಾಗ ಮಾಡಬೇಡಿ. ಎಷ್ಟೇ ಕೊಟ್ಟರೂ ಕೊನೆಯ ಹತ್ತು ಮೀಟರು ನಿಮ್ಮ ಲೆಕ್ಕಕ್ಕೆ ಸಿಗುವುದಿಲ್ಲ ಎಂಬುದೂ ತಿಳಿದಿರಲಿ. ಬಯಲಿನಲ್ಲಿ ಫೋನಿನ ಜಿಪಿಎಸ್ ಸುಮಾರು ಐದು ಮೀಟರಿನ ಒಳಗೆ ಸರಿಯಿರುತ್ತದೆ, ಎತ್ತರದ ಕಟ್ಟಡಗಳ ಸಂದಿಯಲ್ಲಿ ಇನ್ನೂ ಹಿಂದೆ ಮುಂದೆ. ನಮ್ಮದು ಮೂವತ್ತು–ನಲವತ್ತರ ಸೈಟು. ಮೂವತ್ತಡಿಯೆಂದರೆ ಒಂಬತ್ತು ಮೀಟರು. ಹೀಗಾಗಿ ಊಟ ತರುವ ಹುಡುಗನ ಫೋನಿನಲ್ಲಿ ನಾನೂ ಪಕ್ಕದ ಮನೆಯವರೂ ಒಂದೇ ಚುಕ್ಕಿ. “ಸಾರ್, ಲೊಕೇಶನ್ ಬಂದಿದ್ದೀನಿ, ಮನೆ ಯಾವ್ದು?” ಎಂದು ಅವನು ಬಿಸಿಲಲ್ಲಿ ನಿಂತು ಕೇಳುವಾಗ, ಪರಮಾಣು ಗಡಿಯಾರದಿಂದ ಹಿಡಿದು ಎಲ್ಲರ ಕೆಲಸವೂ ಮುಗಿದಿರುತ್ತದೆ, ಉಳಿದದ್ದು ಅವನ ಕಾಲಿನದು. ಅದಕ್ಕೇ ಅವನಿಗೆ ಹತ್ತೋ ಇಪ್ಪತ್ತೋ ಹೆಚ್ಚಿಗೆ ಕೊಡುವ ರೂಢಿ ಇಟ್ಟುಕೊಂಡಿದ್ದೇನೆ. ಇಷ್ಟು ವರ್ಷ ವಿಚಾರ ಮಾಡಿ ನಾನು ಜಿಪಿಎಸ್ಸಿಗೆಂದು ಕೈಯಾರೆ ಕೊಡುತ್ತಿರುವ ದುಡ್ಡು ಅದೊಂದೇ.

ಮೊನ್ನೆ ತರಿಸಿದ ಇಡ್ಲಿ ಬರಲೇ ಇಲ್ಲ. ಸಂಜೆ ಪಕ್ಕದ ಮನೆಯವರು ಕಾಂಪೌಂಡಿನಾಚೆಯಿಂದ, “ಬೆಳಿಗ್ಗೆ ಇಡ್ಲಿ ಕಳಿಸಿದ್ರಲ್ಲ, ಯಾತಕ್ಕೆ ತೊಂದರೆ ತಗೊಂಡ್ರಿ? ಚಟ್ನಿ ಒಂಚೂರು ಖಾರ ಮುಂದಾಗಿತ್ತು, ಅಷ್ಟೇ” ಎಂದರು.